ಬೂಷ್ಟು ಹಿಡಿದ ಕಾಳು

ಬೂಷ್ಟು ಹತ್ತಿದ ಕಡಲೆಕಾಯಿಯನ್ನೂ ಜೋಳವನ್ನೂ ಬಿಸಾಡಲು ಮನಸ್ಸೊಪ್ಪದೆ ಹಸುವಿಗೋ ಕೆಲಸದವಳಿಗೋ ಕೊಡುವದನ್ನು ಮಿತವ್ಯಯವೆಂದು ನಮ್ಮ ಗೃಹಿಣಿಯರಲ್ಲಿ ಕೆಲವರು ಭಾವಿಸುವದುಂಟು. ನಾವಾದರೋ ಇದನ್ನು ಒಪ್ಪಲಾರೆವು. ಯಕೃತ್ತನ್ನು ಕೆಡಿಸುವ ಅಫ್ಲಾಟಾಕ್ಸಿನ್ ವಿಷವು ಬೇಯಿಸಿದರೂ ಹುರಿದರೂ ಪೂರ್ಣವಾಗಿ ನಾಶವಾಗದು. ಹಸು ತಿಂದರೆ ಅದರ ಅಂಶವು ಹಾಲಿನಲ್ಲಿ ನಮ್ಮ ಮಕ್ಕಳಿಗೇ ಹಿಂದಿರುಗುವದು. ಕೆಲಸದವಳ ಮಕ್ಕಳಿಗೋ ನೇರವಾಗಿಯೇ ತಲಪುವದು.

1995ರಲ್ಲಿ ದಖ್ಖಣದ ಹಳ್ಳಿಗಳಲ್ಲಿ ಮಳೆಗೆ ನೆನೆದ ಜೋಳವನ್ನುಂಡ ಬಡವರು ಹೊಟ್ಟೆನೋವು ಭೇದಿಗಳಿಂದ ನರಳಿದರು. ಫ್ಯುಮೋನಿಸಿನ್ ಎಂಬ ವಿಷವು ಪತ್ತೆಯಾದದ್ದು ಪ್ರಯೋಗಶಾಲೆಯಲ್ಲಿ. ಚೊಕ್ಕಟವಾಗಿ ತೋರುವ ಕಾಳಿನಲ್ಲಿಯೂ ವಿಷವಿರಬಹುದು. ಧಾನ್ಯದಲ್ಲಿ ಕಿಲೋಗ್ರಾಮಿಗೆ 15 ಮೈಕ್ರೋಗ್ರಾಮಿಗಿಂತ ಹೆಚ್ಚು ಅಫ್ಲಾಟಾಕ್ಸಿನ್ ಇರಕೂಡದೆಂಬ ಕಾನೂನುಂಟು. ಅದನ್ನು ಮೂಗು ಅಳೆಯಲಾರದು. ಆದಕಾರಣ ಜಯನಗರ, ಬನಶಂಕರಿಗಳಲ್ಲಿ ಮೂಟೆಗಟ್ಟಲೆ ಕೊಳ್ಳುವ ವಿದ್ಯಾರ್ಥಿನಿಲಯಗಳವರು ವರ್ತಕನಿಂದ ಪರೀಕ್ಷಾಪತ್ರವನ್ನು ಕೇಳತಕ್ಕದ್ದು. ಮನೆಯಲ್ಲಿಯಾದರೆ, ಬೂಷ್ಟುಕಾಳನ್ನು ಹಸುವಿಗೆ ಸಿಕ್ಕದಂತೆ ಹೂಳಿರಿ.