ಎಲ್‌ಕೆಜಿ ಮಗುವಿನ ತಪಾಸಣೆ ಯಾರ ಹೊಣೆ?

ಒಂದನೇ ತರಗತಿಗೆ ಸೇರಲು 6 ವರ್ಷ ತುಂಬಿರಲೇಬೇಕೇ ಎಂಬ ಜಗಳ ರಾಜ್ಯದಲ್ಲಿ 2022ರಿಂದ ನಡೆದೇ ಇದೆ. 2025ರಲ್ಲಿ ಸರ್ಕಾರ ಆ ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಾದರೆ ಸಾಕು ಎಂದಿತು. ಮಗುವಿನ ವಯಸ್ಸನ್ನು ತಿಂಗಳುಗಟ್ಟಲೆ ಲೆಕ್ಕ ಹಾಕಿದವರಲ್ಲಿ ಯಾರೂ ಆ ಮಗುವಿಗೆ ಕಿವಿ ಸರಿಯಾಗಿ ಕೇಳುತ್ತದೆಯೇ, ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತದೆಯೇ ಎಂದು ವಿಚಾರಿಸಲಿಲ್ಲ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಜಾರಿಯಲ್ಲಿದೆ. ಅದರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಹೋಗಬೇಕು. ಬೆಳವಣಿಗೆ ಕುಂಠಿತವಾದ ಮಗುವನ್ನು ಗುರುತಿಸಿ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳುಹಿಸಬೇಕು. ಒಳ್ಳೆಯ ಯೋಜನೆ. ಆದರೆ ಮಂಗಳೂರು ನಗರದಲ್ಲಿ ಕದ್ರಿ, ಬಿಜೈ, ಕಂಕನಾಡಿ ಕಡೆಯ ಮನೆಗಳಿಂದ ಬೆಳಿಗ್ಗೆ ವ್ಯಾನ್ ಹತ್ತುವ ಪುಟಾಣಿಗಳು ಹೋಗುವುದು ಖಾಸಗಿ ಪ್ಲೇಸ್ಕೂಲ್, ಎಲ್‌ಕೆಜಿಗಳಿಗೆ. ಆ ತಂಡದ ಪಟ್ಟಿಯಲ್ಲಿ ಅವು ಇಲ್ಲ. ಶುಲ್ಕ ಕಟ್ಟುವ ಮನೆಯ ಮಗು ಹೀಗೆ ಸರ್ಕಾರದ ಕಣ್ಣಿನಿಂದ ತಪ್ಪಿಹೋಗುತ್ತದೆ.

ಕೆಲವು ಖಾಸಗಿ ಶಾಲೆಗಳಲ್ಲಿ ಇನ್ನೊಂದು ಬಗೆಯ ತಪಾಸಣೆ ಮಾತ್ರ ಚೆನ್ನಾಗಿಯೇ ನಡೆಯುತ್ತದೆ. ಪ್ರವೇಶ ಕೇಳಲು ಹೋದರೆ ‘ಮಗುವನ್ನೂ ಕರೆದುಕೊಂಡು ಬನ್ನಿ’ ಎನ್ನುತ್ತಾರೆ. ಬಣ್ಣದ ಹೆಸರು ಹೇಳದ, ಕುರ್ಚಿಯಲ್ಲಿ ನಿಮಿಷ ಕೂರದ ಮಗುವಿನ ತಾಯಿಗೆ ಸೀಟು ಭರ್ತಿಯಾಗಿದೆ ಎಂಬ ಉತ್ತರ ಸಿಗುತ್ತದೆ. ಪ್ರವೇಶದಲ್ಲಿ ಇಂಥ ಸೋಸುವಿಕೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ನಿಷೇಧಿಸಿದೆ, ಆದರೆ ಆ ಕಾಯ್ದೆಗೆ ಮಗು ಎಂದರೆ 6 ತುಂಬಿದವರು. 2016ರ ಅಂಗವಿಕಲರ ಹಕ್ಕು ಕಾಯ್ದೆ ಕೊಡುವ ಉಚಿತ ಶಿಕ್ಷಣದ ಹಕ್ಕೂ 6ರಿಂದಲೇ ಶುರು. ನೆರವು ಅತಿ ಹೆಚ್ಚು ಫಲ ಕೊಡುವ ವರ್ಷಗಳಲ್ಲೇ ಮಗು ಕಾನೂನಿನ ಹೊಸ್ತಿಲಾಚೆ ನಿಂತಿರುತ್ತದೆ. ಇದು ಅನ್ಯಾಯ.

ತಡವಾದರೆ ಏನಾಗುತ್ತದೆ? ಹುಟ್ಟು ಕಿವುಡಿನ ಮಗುವಿಗೆ ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರದ ಅಡಿಪ್ ಯೋಜನೆಯಲ್ಲಿ, ಕೇಳಲು ನೆರವಾಗುವ ಕಾಕ್ಲಿಯರ್ ಇಂಪ್ಲಾಂಟ್ ಸಿಗಬೇಕಾದರೆ ವಯಸ್ಸು 5 ದಾಟಿರಬಾರದು. ‘ಗಂಡುಮಕ್ಕಳಿಗೆ ಮಾತು ತಡ, ಇವನಪ್ಪನೂ ಹಾಗೇ ಇದ್ದ’ ಎಂದು ಅಜ್ಜಿ ಸಮಾಧಾನ ಹೇಳುವಷ್ಟರಲ್ಲಿ ಆ ಬಾಗಿಲು ಮುಚ್ಚಿರುತ್ತದೆ.

ಇಷ್ಟು ಸಣ್ಣ ಮಗುವಿಗೆ ಹಣೆಪಟ್ಟಿ ಹಚ್ಚಬೇಡಿ ಎನ್ನುವವರಿದ್ದಾರೆ. ಅವರ ಭಯ ಸುಳ್ಳಲ್ಲ. ಅದರಲ್ಲೂ ನಮ್ಮ ಊರಿನಲ್ಲಿ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಅಂಗಡಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್. ಮಿಸ್ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಸುಮ್ಮನಿದ್ದ ಮಗು ಮನೆಗೆ ಬಂದು ತುಳುವಿನಲ್ಲಿ ಅರಳು ಹುರಿದಂತೆ ಮಾತಾಡಬಹುದು. ಅದನ್ನು ‘ಸ್ಪೆಷಲ್’ ಎಂದು ಬೇರೆ ಕೂರಿಸುವುದು ಕ್ರೌರ್ಯ. ಇದರ ಉಲ್ಟಾ ಕೂಡ ಇದೆ: ಯಾವ ಭಾಷೆಯಲ್ಲೂ ಮಾತು ಬಾರದ ಮಗುವಿಗೆ ‘ನಾಲ್ಕು ಭಾಷೆ ಕೇಳಿ ಗೊಂದಲವಾಗಿದೆ’ ಎಂದು ವರ್ಷ ಕಳೆಯುವುದು. ಎರಡಕ್ಕೂ ಪರಿಹಾರ ಒಂದೇ, ಮಗುವಿನ ಮನೆಮಾತಿನಲ್ಲೇ, ವಿಷಯ ತಿಳಿದವರು ನಡೆಸುವ ತಪಾಸಣೆ. ಅಲ್ಲಿ ಸಂಶಯ ಬಂದಿತೆಂದರೆ ಕಾಯಿಲೆ ಇದೆ ಎಂದಲ್ಲ, ಇನ್ನೊಮ್ಮೆ ನೋಡಬೇಕು ಎಂದಷ್ಟೆ.

ಹಾಗೆ ನೋಡಬಲ್ಲವರು ಇಲ್ಲೇ ಇದ್ದಾರೆ. ಫಾದರ್ ಮುಲ್ಲರ್ ಮತ್ತು ಡಾ. ಎಂ.ವಿ. ಶೆಟ್ಟಿ ಸಂಸ್ಥೆಗಳಲ್ಲಿ ವಾಕ್ ಶ್ರವಣ ಕಾಲೇಜುಗಳಿವೆ. ಸೇಂಟ್ ಆಗ್ನೆಸ್ ವಿಶೇಷ ಶಾಲೆಯಿದೆ, ಶಕ್ತಿನಗರದಲ್ಲಿ ಸಾನಿಧ್ಯ ವಿಶೇಷ ಶಾಲೆಯಿದೆ, ವೆನ್ಲಾಕ್ ಜಿಲ್ಲಾಸ್ಪತ್ರೆಯಿದೆ. ಎಲ್‌ಕೆಜಿಯಿಂದ ಇವುಗಳವರೆಗೆ ಮಗುವನ್ನು ಮುಟ್ಟಿಸುವ ವ್ಯವಸ್ಥೆ ಮಾತ್ರ ಇಲ್ಲ.

ಅಪಾಯದಲ್ಲಿರುವವರನ್ನು ಗುರುತಿಸಲು ಎಲ್ಲ ಮಕ್ಕಳನ್ನೂ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಬೇಕು ಎಂದು 2016ರ ಕಾಯ್ದೆಯ 25ನೇ ಕಲಂ ಹೇಳುತ್ತದೆ. ಎಲ್ಲ ಮಕ್ಕಳನ್ನೂ. ಹಾಗಾದರೆ ಜಿಲ್ಲಾಡಳಿತ ಖಾಸಗಿ ಪ್ಲೇಸ್ಕೂಲ್‌ಗಳನ್ನು ಆರೋಗ್ಯ ತಂಡದ ಪಟ್ಟಿಗೆ ಸೇರಿಸಲಿ. ಸಂಶಯ ಬಂದ ಮಗುವನ್ನು ಶಾಲೆಯಿಂದ ಹೊರಗೆ ಹಾಕುವಂತಿಲ್ಲ ಎಂಬ ಷರತ್ತನ್ನು ಶಿಕ್ಷಣ ಇಲಾಖೆ ಮಾನ್ಯತೆಯ ಜೊತೆಗೇ ವಿಧಿಸಲಿ. ಅಲ್ಲಿಯವರೆಗೆ ತಂದೆತಾಯಂದಿರು ಕಾಯಬೇಡಿ. ಮನೆಯಲ್ಲಿರುವ ತಾಯಿ ಕಾರ್ಡ್ ತೆಗೆದು, ಯಾವ ವಯಸ್ಸಿಗೆ ಮಗು ಏನು ಮಾಡಬೇಕು ಎಂಬ ಚಿತ್ರಗಳ ಪುಟವನ್ನು ಇವತ್ತೇ ನೋಡಿ. ಅನುಮಾನ ಬಂದರೆ ನೆಂಟರ ಮಾತು ಕೇಳಿ ಕೂರದೆ ನೇರ ಆಸ್ಪತ್ರೆಗೆ ಹೋಗಿ.