ಅಡುಗೆಮನೆ ಕಿಟಕಿಯಿಂದ: ಮೇಲೆ ಬೆಳ್ಳಗಿದ್ದರೆ ಸಾಲದು



ಕಳೆದ ತಿಂಗಳು ನಮ್ಮ ಮನೆಯಲ್ಲೊಂದು ಫಜೀತಿಯಾಯಿತು. ಅಂದು ಮಾವನವರ ತಿಥಿ. ಮಡಿಯುಟ್ಟು ಪಾಯಸಕ್ಕೆ ಹಾಲಿಟ್ಟು, ವಡೆಗೆ ಬಾಣಲೆ ಇಟ್ಟೆ ನೋಡಿ, ಎಣ್ಣೆ ಕಾಯುವ ಮೊದಲೇ ಗ್ಯಾಸು ಖಾಲಿ! ಸಿಲಿಂಡರ್ ಹಾಕಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಮಾಡುವುದು ನನ್ನ ರೂಢಿ. ಇನ್ನೂ ಹತ್ತು ದಿನ ಬರುತ್ತದೆ ಅಂತ ಧೈರ್ಯವಾಗಿದ್ದೆ. ನಡುವೆ ನಾದಿನಿಯ ಸಂಸಾರ ಬಂದು ಐದು ದಿನ ಇದ್ದದ್ದನ್ನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಪಕ್ಕದ ಮನೆಯವರು ತಮ್ಮ ಸಿಲಿಂಡರ್ ಕೊಟ್ಟು ನನ್ನ ಮಾನ ಉಳಿಸಿದರು.

ಸಂಜೆ ಬಿ.ಎಸ್ಸಿ. ಓದುವ ಮಗಳು ನಗುತ್ತಾ, “ಅಮ್ಮಾ, ಒಳಗೆ ಎಷ್ಟಿದೆ ಅಂತ ಕಣ್ಣಿಗೆ ಕಾಣದ್ದಕ್ಕೆ ಲೆಕ್ಕ ಇಡೋದು ಸುಲಭವಲ್ಲ. ಉತ್ತರ ಧ್ರುವದ ಮಂಜುಗಡ್ಡೆಗೆ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಹೀಗೇ ಲೆಕ್ಕ ಇಡ್ತಾರೆ” ಅಂದಳು. ನನಗೆ ಕುತೂಹಲವಾಯಿತು. ಮೂರು ಸಂಜೆ ಅವಳನ್ನು ಕೂರಿಸಿಕೊಂಡು ಕೇಳಿ ತಿಳಿದದ್ದನ್ನು ಈ ಸಲ ನಿಮ್ಮ ಮುಂದಿಡುತ್ತಿದ್ದೇನೆ.

ಭೂಮಿಯ ನೆತ್ತಿಯ ಮೇಲಿರುವುದು ಆರ್ಕ್ಟಿಕ್ ಸಾಗರ. ಅಲ್ಲಿ ಸಮುದ್ರದ ನೀರೇ ಹೆಪ್ಪುಗಟ್ಟಿ ಮೇಲೆ ತೇಲುತ್ತದೆ. ಚಳಿಗಾಲ ಮುಗಿಯುವ ಮಾರ್ಚ್‌ನಲ್ಲಿ ಅದರ ಹರವು ಅತಿ ಹೆಚ್ಚು. ಬೇಸಿಗೆಯಲ್ಲಿ ಕರಗಿ ಸೆಪ್ಟೆಂಬರ್‌ನಲ್ಲಿ ಅತಿ ಕಡಿಮೆ. ಮಗಳು ಫೋನಿನಲ್ಲಿ ಉಪಗ್ರಹ ತೆಗೆದ ಚಿತ್ರ ತೋರಿಸಿದಾಗ, “ಇಷ್ಟೊಂದು ಬೆಳ್ಳಗಿದೆಯಲ್ಲೇ, ಮತ್ತೇಕೆ ಕೂಗಾಟ?” ಅಂದುಬಿಟ್ಟೆ.

“ಹಾಲಿನ ಕೆನೆ ನೋಡಮ್ಮ” ಅಂದಳು. ನಿಜ ಅಲ್ಲವೇ? ಊರ ಎಮ್ಮೆಹಾಲಿನ ಕೆನೆಯೂ ಪಾತ್ರೆ ತುಂಬ ಹರಡಿರುತ್ತದೆ, ನೀರು ಬೆರೆಸಿದ ಹಾಲಿನದೂ ಹರಡಿರುತ್ತದೆ. ಒಂದು ರೊಟ್ಟಿಯಂತೆ ಎದ್ದು ಬರುತ್ತದೆ, ಇನ್ನೊಂದು ಚಮಚ ತಗುಲಿದರೆ ಹರಿದುಹೋಗುತ್ತದೆ. ಮೇಲಿನಿಂದ ನೋಡಿದರೆ ದಪ್ಪ ತಿಳಿಯುವುದಿಲ್ಲ.

ಹಾಗಾದರೆ ಅಷ್ಟು ದೊಡ್ಡ ಸಮುದ್ರದ ಕೆನೆ ಎತ್ತಿ ನೋಡುವುದು ಹೇಗೆ? ಅಲ್ಲಲ್ಲಿ ತೂತು ಕೊರೆದು ಅಳೆಯಬಹುದು, ಆದರೆ ಎಷ್ಟು ಕಡೆ ಕೊರೆದಾರು? 1958ರಿಂದ ಅಮೆರಿಕದ ಜಲಾಂತರ್ಗಾಮಿ ಹಡಗುಗಳು ಮಂಜಿನ ಕೆಳಗೇ ಸಾಗುತ್ತಾ, ಸದ್ದು ಕಳುಹಿಸಿ, ಅದು ಮರಳಿ ಬರುವ ಹೊತ್ತಿನಿಂದ ದಪ್ಪ ಲೆಕ್ಕ ಹಾಕಿದವು. 1958–76ರಲ್ಲಿ ಬೇಸಿಗೆ ಮುಗಿಯುವಾಗ ಸರಾಸರಿ ಸುಮಾರು 3.1 ಮೀಟರ್ ಇದ್ದದ್ದು, 1990ರ ದಶಕದಲ್ಲಿ ಅದೇ ಜಾಗಗಳಲ್ಲಿ 1.8 ಮೀಟರ್‌ಗೆ ಇಳಿದಿತ್ತು. ಹಡಗು ಹೋಗದ ಕಡೆಯ ಕಥೆ ಮಾತ್ರ ಗೊತ್ತಾಗಲಿಲ್ಲ.

ಆಮೇಲೆ ಉಪಗ್ರಹಗಳು ಬಂದವು. ಯೂರೋಪಿನ ಕ್ರಯೋಸ್ಯಾಟ್-2 ಹಾರಿದ್ದು 2010ರಲ್ಲಿ, ಅಮೆರಿಕದ ಐಸ್‌ಸ್ಯಾಟ್-2 ಹಾರಿದ್ದು 2018ರಲ್ಲಿ. ಇವು ನೀರಿನಿಂದ ಮೇಲೆದ್ದ ಭಾಗವನ್ನು ಅಳೆಯುತ್ತವೆ. ಮೇಲೆ ಕಾಣುವುದು ಹತ್ತರಲ್ಲಿ ಸುಮಾರು ಒಂದು ಪಾಲು, ಮಿಕ್ಕದ್ದೆಲ್ಲ ನೀರೊಳಗೆ. ಮೇಲೆ ಒಂದಂಗುಲ ತಪ್ಪಿದರೆ ಒಟ್ಟು ದಪ್ಪದಲ್ಲಿ ಹತ್ತಂಗುಲ ತಪ್ಪುತ್ತದೆ! ಅದರ ಮೇಲೆ ಬಿದ್ದ ಹಿಮದ ಪದರ ಬೇರೆ. ಬೇಸಿಗೆಯಲ್ಲಿ ಕರಗಿದ ನೀರು ಮೇಲೆಯೇ ಮಡುಗಟ್ಟಿ ನಿಂತು ರಾಡಾರನ್ನು ಏಮಾರಿಸುತ್ತದೆ.

ಈ ಕೊರತೆ ತುಂಬುವುದಕ್ಕೇ ಕಂಪ್ಯೂಟರ್ ಮಾಡೆಲ್. ಮಾಡೆಲ್ ಎಂದರೆ ಮಕ್ಕಳು ವಸ್ತುಪ್ರದರ್ಶನಕ್ಕೆ ಥರ್ಮಾಕೋಲಿನಲ್ಲಿ ಮಾಡುವಂಥದ್ದು ಅಂದುಕೊಂಡಿದ್ದೆ. ಅಲ್ಲವಂತೆ, ಅದು ಬರೀ ಲೆಕ್ಕ. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದವರ ‘ಪಯೋಮಾಸ್’ ಇಂಥದ್ದೊಂದು. ಇಡೀ ಸಾಗರವನ್ನು ಚೌಕಚೌಕವಾಗಿ ವಿಂಗಡಿಸುತ್ತಾರೆ. ಪ್ರತಿ ಚೌಕಕ್ಕೂ ಜಮಾ, ಖರ್ಚು. ಗಾಳಿ ಎಷ್ಟು ತಣ್ಣಗಿತ್ತು, ತಳದಲ್ಲಿ ಎಷ್ಟು ಹೆಪ್ಪುಗಟ್ಟಿತು—ಅದು ಜಮಾ. ಬಿಸಿಲಿಗೆ ಮೇಲೆ ಎಷ್ಟು ಕರಗಿತು, ಸಮುದ್ರದ ಬಿಸಿ ಕೆಳಗಿನಿಂದ ಎಷ್ಟು ತಿಂದಿತು—ಅದು ಖರ್ಚು. ಗಾಳಿ ತಳ್ಳಿ ಒಂದರ ಮೇಲೊಂದು ಪೇರಿಸಿದ್ದೆಷ್ಟು, ಗ್ರೀನ್‌ಲ್ಯಾಂಡಿನ ಪಕ್ಕದ ಫ್ರಾಮ್ ಜಲಸಂಧಿಯಿಂದ ಹೊರಗೆ ತೇಲಿಹೋದದ್ದೆಷ್ಟು—ಅದನ್ನೂ ಬಿಡುವುದಿಲ್ಲ.

ನನ್ನ ಹಾಗೆ ಕ್ಯಾಲೆಂಡರನ್ನೇ ನಂಬಿ ಅವರು ಕೂರುವುದಿಲ್ಲ. ಉಪಗ್ರಹ ಕಂಡ ಹರವನ್ನೂ ಸಮುದ್ರದ ಮೇಲ್ಮೈಯ ಬಿಸಿಯನ್ನೂ ಆಗಾಗ ಸೇರಿಸಿ ಲೆಕ್ಕ ತಿದ್ದುತ್ತಾರೆ. ಬಂದ ಉತ್ತರವನ್ನು ಹಡಗು, ವಿಮಾನ, ಉಪಗ್ರಹಗಳು ಅಳೆದ ದಪ್ಪದೊಂದಿಗೆ ತಾಳೆ ನೋಡುತ್ತಾರೆ. ತೆಳುವಾದದ್ದನ್ನು ಲೆಕ್ಕ ತುಸು ದಪ್ಪ ತೋರಿಸುತ್ತದೆ, ದಪ್ಪದ್ದನ್ನು ತುಸು ತೆಳು ತೋರಿಸುತ್ತದೆ ಎಂದು ಅವರೇ ಬರೆದುಕೊಂಡಿದ್ದಾರೆ. ತನ್ನ ತಪ್ಪು ಯಾವ ಕಡೆಗಿದೆ ಎಂದು ತಿಳಿದವರ ಲೆಕ್ಕ ನನಗೆ ನಂಬಿಕೆ ಹುಟ್ಟಿಸುತ್ತದೆ.

ಆ ಲೆಕ್ಕ ಏನು ಹೇಳುತ್ತದೆ ನೋಡಿ. 1979ರ ಸೆಪ್ಟೆಂಬರ್‌ನಲ್ಲಿ ಇದ್ದ ಮಂಜುಗಡ್ಡೆ ಸುಮಾರು 17 ಸಾವಿರ ಘನ ಕಿಲೋಮೀಟರ್. 2012ರ ಸೆಪ್ಟೆಂಬರ್‌ನಲ್ಲಿ 4 ಸಾವಿರಕ್ಕೂ ಕಡಿಮೆ. ಅದೇ ಅವಧಿಯಲ್ಲಿ ಹರವು ಕಡಿಮೆಯಾದದ್ದು ಅರ್ಧದಷ್ಟು. ಬರೀ ಚಿತ್ರ ನೋಡಿದವಳು ಅರ್ಧ ಉಳಿದಿದೆ ಅನ್ನುತ್ತಾಳೆ. ಲೆಕ್ಕ ಇಟ್ಟವಳು ಕಾಲುಭಾಗವೂ ಉಳಿದಿಲ್ಲ ಅನ್ನುತ್ತಾಳೆ.

ನಿಮ್ಮಲ್ಲಿ ಕೆಲವರು ಕೇಳಬಹುದು, ಅದು ಕರಗಿದರೆ ಸಮುದ್ರ ಉಕ್ಕಿ ಊರು ಮುಳುಗುತ್ತದೆಯೇ ಅಂತ. ಶರಬತ್ತಿನ ಲೋಟದಲ್ಲಿ ತೇಲುವ ಐಸು ಕರಗಿದರೆ ಲೋಟ ತುಳುಕುವುದಿಲ್ಲವಷ್ಟೆ? ತೇಲುವ ಮಂಜುಗಡ್ಡೆಯೂ ಹಾಗೇ. ಗ್ರೀನ್‌ಲ್ಯಾಂಡಿನಂಥ ನೆಲದ ಮೇಲಿನ ಹಿಮದ ಮಾತು ಬೇರೆ, ಅದು ಕರಗಿದರೆ ಸಮುದ್ರ ಏರುತ್ತದೆ. ಆದರೆ ಬಿಳಿಯ ಮಂಜು ಬಿಸಿಲನ್ನು ಹಿಂದಕ್ಕಟ್ಟುತ್ತದೆ, ಕಪ್ಪು ನೀರು ಕುಡಿದುಬಿಡುತ್ತದೆ. ಕರಗಿದಷ್ಟೂ ಬಿಸಿ, ಬಿಸಿಯಾದಷ್ಟೂ ಕರಗುವುದು.

ನನ್ನ ಮನಸ್ಸಿಗೆ ನಾಟಿದ್ದು ಬೇರೊಂದು. ಆ ಮಂಜಿನ ಮೇಲೆ ನಡೆದು ಬೇಟೆಗೆ, ಮೀನಿಗೆ ಹೋಗುವ ಇನ್ಯುಯಿಟ್ ಜನರಿದ್ದಾರೆ. ಈಟಿಯಿಂದ ಮುಂದೆ ಕುಟ್ಟಿ ನೋಡಿ ಹೆಜ್ಜೆ ಇಡುವುದು ಅವರ ಹಿರಿಯರು ಕಲಿಸಿದ ಪಾಠ. ಚೌಕದ ಲೆಕ್ಕ ಅವರಿಗೆ ಸಾಲದು. ಹತ್ತಾರು ಕಿಲೋಮೀಟರಿನ ಸರಾಸರಿ ದಪ್ಪ ಹೇಳಿದರೆ ಕಾಲಡಿಯ ತೆಳುವು ಗೊತ್ತಾಗುವುದೇ? ಅದಕ್ಕೇ ಕೆನಡಾದ ಲ್ಯಾಬ್ರಡಾರ್ ತೀರದ ನೈನ್ ಎಂಬ ಊರಿನ ಕಡೆ, ‘ಸ್ಮಾರ್ಟ್‌ಐಸ್’ ಎಂಬ ಸಂಸ್ಥೆಯೊಂದಿಗೆ ಊರವರೇ ಜಾರುಬಂಡಿಗೆ ಅಳೆಯುವ ಉಪಕರಣ ಕಟ್ಟಿ ಎಳೆದುಕೊಂಡು ಹೋಗಿ, ಇಲ್ಲಿ ದಪ್ಪ, ಇಲ್ಲಿ ತೆಳು ಅಂತ ತಮ್ಮವರಿಗೆ ತಿಳಿಸುತ್ತಾರೆ. ಮಗ ಮಂಜಿನ ಮೇಲೆ ಹೋದಾಗ ಬಾಗಿಲಲ್ಲಿ ಕಾಯುವ ತಾಯಿ ಅಲ್ಲಿಯೂ ಇರುತ್ತಾಳಲ್ಲವೇ? ಅವಳಿಗೆ ಈ ಅಳತೆ ಬರೀ ವಿಜ್ಞಾನವಲ್ಲ.

ಅಂದ ಹಾಗೆ, ಸಿಲಿಂಡರಿನ ವಿಷಯ ಬಿಟ್ಟೇಹೋಗಿತ್ತು. ಒದ್ದೆ ಬಟ್ಟೆಯಿಂದ ಸಿಲಿಂಡರಿನ ಮೈಯನ್ನು ಮೇಲಿನಿಂದ ಕೆಳಗೆ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಮೇಲಿನ ಭಾಗ ಬೇಗ ಒಣಗುತ್ತದೆ. ಗ್ಯಾಸು ಇರುವಷ್ಟು ಎತ್ತರ ಮಾತ್ರ ತೇವ ಉಳಿಯುತ್ತದೆ. ಕ್ಯಾಲೆಂಡರಿನ ಗುರುತು ಹಾಗೇ ಇರಲಿ, ನೆಂಟರು ಬಂದು ಹೋದ ಮೇಲೆ ಒಮ್ಮೆ ಒರೆಸಿ ನೋಡಿ ಲೆಕ್ಕ ತಿದ್ದಿಕೊಳ್ಳಿ. ಪಕ್ಕದ ಮನೆಯವರಿಗೆ ನಾನು ಸಿಲಿಂಡರ್ ಹಿಂತಿರುಗಿಸಿದೆ, ಜೊತೆಗೆ ಒಂದು ಡಬ್ಬಿ ಕೊಬ್ಬರಿ ಮಿಠಾಯಿಯನ್ನೂ. ಅದರ ವಿಧಾನ ಮುಂದಿನ ಸಂಚಿಕೆಯಲ್ಲಿ.