ಸಿಸ್ಟರನ್ನು ಬೈದರೆ ಸಾಲದು



ಜನರಲ್ ವಾರ್ಡಿನಲ್ಲಿ ಸಿಸ್ಟರ್ ಸಿಡುಕಿದರೆ 'ಇವಳಿಗೆ ಕರುಣೆ ಇಲ್ಲ' ಅಂತ ಬೈದು ಬರ್ತೀವಿ. ಆಕೆ ಒಬ್ಬಳೇ ಎಷ್ಟು ಹಾಸಿಗೆ ನೋಡ್ಕೊಳ್ತಿದ್ದಾಳೆ ಅಂತ ಎಣಿಸಿದ್ದೀವಾ?

ಅಮೆರಿಕದಲ್ಲಿ ಎಣಿಸಿದರು. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕವನ್ನು ಲಿಂಡಾ ಐಕೆನ್ ಅವರ ತಂಡ 2002ರಲ್ಲಿ ಮುಂದಿಟ್ಟಿತು. ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಹೆಚ್ಚು, ನರ್ಸ್ ದಣಿದು ಬತ್ತಿಹೋಗುವ ಸಂಭವ ಶೇ. 23ರಷ್ಟು ಹೆಚ್ಚು. ಅಂದರೆ ಆಕೆಯ ದಣಿವು ಬೇರೆಯಲ್ಲ, ರೋಗಿಯ ಪ್ರಾಣ ಬೇರೆಯಲ್ಲ. ಡ್ರಿಪ್ ಮುಗಿದದ್ದು, ಉಸಿರು ಏರಿದ್ದು ಮೊದಲು ಕಾಣಬೇಕಾದವಳು ಆಕೆಯೇ. ನಿದ್ದೆಗಣ್ಣಿನಲ್ಲಿ ಹತ್ತು ಕಡೆ ಓಡುವವಳಿಗೆ ಏನು ಕಂಡೀತು?

ಕ್ಯಾಲಿಫೋರ್ನಿಯಾ 1999ರಲ್ಲಿ ಕಾನೂನು ಮಾಡಿತು. ಒಬ್ಬ ನರ್ಸಿಗೆ ಇಷ್ಟೇ ರೋಗಿಗಳು ಎಂಬ ಮಿತಿ 2004ರಿಂದ ಜಾರಿಗೆ ಬಂತು. ನಮ್ಮಲ್ಲೂ ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮವಿದೆ: ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ 3 ಹಾಸಿಗೆಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ 5ಕ್ಕೆ ಒಬ್ಬರು. ನಿಯಮ ಕಡತದಲ್ಲಿದೆ, ಹೊರೆ ಆಕೆಯ ಮೈಮೇಲಿದೆ.

ಕಾಸಿದ್ದವರು ಸ್ಪೆಷಲ್ ವಾರ್ಡಿಗೆ ಹೋಗ್ತಾರೆ. ಜನರಲ್ ವಾರ್ಡಿನಲ್ಲಿ ಮಲಗೋರು ನಮ್ಮ ಅವ್ವ ಅಪ್ಪಂದಿರು. ಅಲ್ಲಿ ರಾತ್ರಿ ಪಾಳಿ ದುಡಿಯೋರಲ್ಲೂ ನಮ್ಮ ಅಕ್ಕತಂಗಿಯರಿದ್ದಾರೆ. ಇವರಿವರೇ ಕಚ್ಚಾಡಿದರೆ ಹುದ್ದೆ ಖಾಲಿ ಇಟ್ಟವರಿಗೆ ಸುಖ.

ಇನ್ನು ಆಸ್ಪತ್ರೆಗೆ ಹೋದಾಗ ಹಾಸಿಗೆ ಎಣಿಸೋಣ, ನರ್ಸುಗಳನ್ನೂ ಎಣಿಸೋಣ. ಆ ಲೆಕ್ಕ ಹಿಡಿದು ಕೇಳಬೇಕಾದ್ದು ಸಿಸ್ಟರನ್ನಲ್ಲ, ಹುದ್ದೆ ತುಂಬದವರನ್ನ.